ಬೋರಮ್ಮನ ಒಂದು ಮಂಕರಿ ಕರಟ

12 ಮಾರ್ಚ್ 1984

ಗೆಳೆಯ ಶಂಭುಲಿಂಗಯ್ಯ,

ಹೋದ ಶುಕ್ರವಾರ ಸಂಜೆ, ಒಂದು ಮಂಕರಿ ಕರಟ ಹೊತ್ತು ಹೊರಟ ಬೋರಮ್ಮನನ್ನು ಕಳ್ಳಿ ಎಂದು ಪೊಲೀಸರಿಗೆ ಬರೆದುಕೊಟ್ಟೆಯಲ್ಲ, ಅದು ಅನ್ಯಾಯ. ದೂರಿನ ಕೆಳಗೆ, ನಮ್ಮೂರ ಕೊಬ್ಬರಿ ಸಂಘದ ಅಧ್ಯಕ್ಷನೆಂದು ನಿನ್ನದೇ ರುಜು.

ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಹೆಂಗಸರು ದಿನಕ್ಕೊಂದು ಮಂಕರಿ ಕರಟವನ್ನು ಒಲೆಗೆ ಒಯ್ಯುವುದು ಅಜ್ಜಂದಿರ ಕಾಲದ ಪದ್ಧತಿ. ಕರಟದ ಇದ್ದಿಲಿಗೆ ಗಿರಾಕಿ ಹುಟ್ಟಿದ ಮೇಲೆ ನಿನ್ನ ಸಂಘ ಅದನ್ನು ಕಳ್ಳತನವೆಂದು ಕರೆಯಿತು.

ನಿಜ ಹೇಳುತ್ತೇನೆ, ಎಂಟು ವರ್ಷದಿಂದ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಎಪ್ಪತ್ತಾರರ ತುರ್ತುಪರಿಸ್ಥಿತಿಯಲ್ಲಿ, ನಿಷೇಧವಾದ ಕರಪತ್ರವನ್ನು ಜನರೆದುರು ಗಟ್ಟಿಯಾಗಿ ಓದಲೆಂದು ತಿಪಟೂರು ಬಸ್ ನಿಲ್ದಾಣಕ್ಕೆ ಇಬ್ಬರೂ ಹೋದೆವು. ಪೊಲೀಸರು ಬಂದಾಗ ನೀನು ಓದುತ್ತಲೇ ನಿಂತೆ. ನಾನು ತುರುವೇಕೆರೆ ಬಸ್ಸು ಹತ್ತಿ ಟಿಕೆಟ್ ಕೇಳಿದೆ. ಜೈಲಿನಿಂದ ಬಂದ ನಿನಗೆ ಊರು ಕೊಬ್ಬರಿ ಹಾರ ಹಾಕಿತು. ಪೇಪರಿನಲ್ಲಿ ಬಂದ ಆ ಫೋಟೋ ಕತ್ತರಿಸಿ ನನ್ನ ಹೆಂಡತಿ ಪುಟ್ಟಗಂಗಮ್ಮ ದೇವರ ಗೂಡಿನಲ್ಲಿಟ್ಟಳು. “ನೀವೂ ಜೊತೇಲೇ ಹೋಗಿದ್ರಿ, ಇದ್ರಾಗೆ ಎಲ್ಲೂ ಕಾಣಾಕಿಲ್ವಲ್ಲ” ಅಂದಳು. ಇವತ್ತಿಗೂ ಅವಳ ಊದಿನಕಡ್ಡಿಯ ಹೊಗೆ ಮೊದಲು ನಿನಗೇ.

ಅಂದು ತಿಪಟೂರಿನ ದಾರಿಯಲ್ಲಿ ನೀನು ಹೇಳಿದ್ದೆ: “ಕೆಟ್ಟ ಕಾನೂನು ಮುರಿಯೋನು ಮುಖ ಮುಚ್ಕೋಬಾರ್ದು ಕಣ್ಲಾ. ಮುರಿದು ಅಲ್ಲೇ ನಿಂತ್ಕೋಬೇಕು, ಯಾಕೆ ಅಂತ ಹೇಳ್ಬೇಕು. ಕಳ್ಳನಿಗೂ ನಮಗೂ ಅಷ್ಟೇ ವ್ಯತ್ಯಾಸ.” ಇಷ್ಟೊಂದು ಪುಸ್ತಕ ಓದಿದ ನನಗೆ ಆ ಮಾತು ಹೊಳೆಯಲಿಲ್ಲವಲ್ಲ ಎಂದು ಎಷ್ಟು ಉರಿದಿದ್ದೇನೆ ಗೊತ್ತೇ?

ಬೋರಮ್ಮ ಆ ಮಾತು ಕೇಳಿದವಳಲ್ಲ. ಶುಕ್ರವಾರ ಸಂಘದ ಹಿಂಬಾಗಿಲು ತೆರೆದೇ ಇತ್ತು. ಅವಳು ಮುಂದಿನ ಗೇಟಿಗೇ ಬಂದು ಕಾವಲಿನ ಮಾಯಣ್ಣನೆದುರು ಮಂಕರಿ ಇಳಿಸಿದಳು. “ಕದಿಯಾಂಗಿದ್ರೆ ಹಿಂದ್ಲಿಂದ ಹೋಗ್ತಿದ್ದೆ ಕಣಪ್ಪ. ಇದು ನಮ್ ಕೂಲೀದು. ಬರ್ಕೋ, ನನ್ನೆಸ್ರು ಬೋರಮ್ಮ” ಅಂದಳು. ಮತ್ತೆ ತಲೆಗೇರಿಸಲು ಯಾರಾದರೂ ಕೈ ಕೊಡುತ್ತಾರೇನೋ ಎಂದು ಸುತ್ತ ನೋಡಿದಳು. ನಾನು ಮಾರು ದೂರದಲ್ಲಿದ್ದೆ. ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಆಕೆ ಒಬ್ಬಳೇ ಎತ್ತಿಕೊಂಡು ಹೋದಳು. ಎಂಟು ವರ್ಷ ನಿನ್ನನ್ನು ಸುತ್ತಿದ ನನ್ನ ಹೊಟ್ಟೆಕಿಚ್ಚು ಅಂದು ಅವಳ ಬೆನ್ನು ಹತ್ತಿ ಹೊರಟಿತು.

ಮುಂದಿನ ಸೋಮವಾರ ಸಂಘದ ಸಭೆಯಲ್ಲಿ ಈ ಪತ್ರವನ್ನು ಎದ್ದು ನಿಂತು ಓದುತ್ತೇನೆ. ಈ ಸಲ ಬಸ್ಸು ಹತ್ತುವುದಿಲ್ಲ. ನಿನಗೆ ಒಳ್ಳೆಯದಾಗಲಿ, ಹಳೆಯ ಧೈರ್ಯ ಮರಳಲಿ. ಉತ್ತರವನ್ನು ಮಾತ್ರ ನನ್ನ ಮನೆಗೆ ಬರೆಯಬೇಡ. ಅಲ್ಲೇ, ಬೋರಮ್ಮನ ಮುಖ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳು: ಅವಳು ಕಳ್ಳಿಯಾದರೆ, ಬಸ್ ನಿಲ್ದಾಣದಲ್ಲಿ ಅಂದು ನಿಂತಿದ್ದವನು ಯಾರು?

ಆ ಫೋಟೋದಲ್ಲಿ ಇಲ್ಲದ ನಿನ್ನ ಗೆಳೆಯ,
ಕರಿಬಸವಯ್ಯ