ಆ ಉಪವಾಸ ಶಿವನಿಗಲ್ಲ, ನಿಮಗೆ

ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ
ಸೆಪ್ಟೆಂಬರ್ 1999, ಬುಧವಾರ

ಚುನಾವಣಾ ಕರ್ತವ್ಯಕ್ಕೆ ಸಿಬ್ಬಂದಿ ನಿಯೋಜಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಹರಿಹರದ ತರಬೇತಿಗೆ ಉಪವಾಸವಿದ್ದು ಬಂದು ಸಭೆಯ ನಡುವೆ ಕುಸಿದು ಬಿದ್ದದ್ದಕ್ಕೆ ನನ್ನ ಮಾವ, ಪ್ರೌಢಶಾಲೆಯ ಕನ್ನಡ ಮೇಷ್ಟ್ರು ವಾಮದೇವಪ್ಪನವರಿಂದ ನೀವು ಸಮಜಾಯಿಷಿ ಕೇಳಿದ್ದೀರಿ. ‘ಧಾರ್ಮಿಕ ವ್ರತಗಳು ಚುನಾವಣಾ ಕರ್ತವ್ಯಕ್ಕೆ ಅಡ್ಡಿಯಾಗಕೂಡದು’ ಎಂದು ಎಚ್ಚರಿಸಿದ್ದೀರಿ. ಸಮಜಾಯಿಷಿಯನ್ನು ಅವರ ಸೊಸೆ ನಾನು ಕೊಡುತ್ತೇನೆ. ನಿಮ್ಮ ಕಡತದೊಳಗೆ ಮಲಗಿಬಿಡಬಾರದೆಂದು ಪತ್ರಿಕೆಯ ಮೂಲಕ ಕೊಡುತ್ತೇನೆ. ಆ ಉಪವಾಸ ಶಿವನಿಗೆ ಮಾಡಿದ್ದಲ್ಲ. ನಿಮಗೆ ಮಾಡಿದ್ದು.

ಮೇ ತಿಂಗಳಲ್ಲಿ ಮದುವೆಯಾಗಿ ಹರಿಹರದಿಂದ ಈ ಮನೆಗೆ ಬಂದವಳು ನಾನು. ಕಂಡದ್ದೆಲ್ಲ ಚಂದ ಅನ್ನಿಸುವ ದಿನಗಳು. ನನ್ನ ಗಂಡ ನಾಗಭೂಷಣ್ ಹಾಡಿಕೊಳ್ಳುತ್ತ ಸ್ಕೂಟರ್ ಒರೆಸುವುದು ಚಂದ, ಅತ್ತೆ ಉಮಾಮಹೇಶ್ವರಿಯವರು ರೊಟ್ಟಿ ಬಡಿಯುವ ಸದ್ದು ಚಂದ, ನಲ್ಲಿಯ ಮುಂದೆ ಕೊಡಗಳ ಸಾಲು ಹಚ್ಚುವುದೂ ಚಂದ. ಎಲ್ಲಕ್ಕಿಂತ ಚಂದ ಕಂಡದ್ದು ಮಾವನವರ ಭಕ್ತಿ. ನಮ್ಮ ಮದುವೆಯ ದಿನ ಅವರು ಒಂದು ತುತ್ತೂ ಮುಟ್ಟದೆ ಎಲೆಗಳ ನಡುವೆ ಓಡಾಡಿದ್ದರು. ಶ್ರಾವಣ ಬಂದ ಮೇಲೆ ಸೋಮವಾರ ಪೂರ್ತಿ ನಿರಾಹಾರ. ನಮ್ಮ ಬೀದಿಯವರೆಲ್ಲ ಅವರನ್ನು ಕಂಡರೆ ಕೈಮುಗಿಯುತ್ತಿದ್ದರು. ನಾನೂ ಗೆಳತಿಯರಿಗೆಲ್ಲ ಫೋನು ಮಾಡಿ ಹೆಮ್ಮೆ ಕೊಚ್ಚಿಕೊಂಡೆ. ಆದರೆ ಒಂದು ಬುಧವಾರ, ಯಾವುದೋ ಸಭೆಗೆ ಹೊರಟವರು ನಾನು ಮಾಡಿದ ಉಪ್ಪಿಟ್ಟನ್ನು ಹಾಗೇ ಬಿಟ್ಟು ಎದ್ದಾಗ ಅತ್ತೆಯನ್ನು ಕೇಳಿದೆ: “ಬುಧವಾರ ಯಾವ ವ್ರತ ಅತ್ತೆ?”

“ವ್ರತಾನೂ ಇಲ್ಲ, ಏನೂ ಇಲ್ಲಮ್ಮ. ಬಸ್ ಹತ್ತೋ ದಿನ ಉಣ್ಣಂಗಿಲ್ಲ, ಅಷ್ಟೆ. ಜನ ಭಕ್ತಿ ಅಂದ್ಕೊಂಡ್ರು, ಇವ್ರು ಹೂಂ ಅಂದ್ರು. ಕೇಳೋರ ಬಾಯಿ ಮುಚ್ಚಕೆ ಶಿವನ ಹೆಸ್ರು ಸಾಕಾತು. ಹೂಂ ಅಂದ್ಮೇಲೆ ಶ್ರಾವಣ ಸೋಮವಾರಾನೂ ಊಟ ಬಿಡಬೇಕಾತು.”

ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡದಲ್ಲಿ ಇಷ್ಟುದ್ದ ಬರೆದು ರೂಢಿಯಿಲ್ಲ. ಈ ಪತ್ರವನ್ನು ತಿದ್ದಿಕೊಟ್ಟವರು ಮಾವನವರೇ. ಇಲ್ಲಿ ನಾನು ನಾಚಿಕೊಂಡು ‘ಅವರಿಗೆ ಆ ತೊಂದರೆ ಇದೆ’ ಎಂದಷ್ಟೇ ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಮಲ ತಡೆದುಕೊಳ್ಳಲಾಗುವುದಿಲ್ಲ’ ಎಂದು ಬರೆದರು. “ಬರಿಯಮ್ಮ. ಹೆಂಗಿದ್ರೂ ಬೂತಿನಾಗೆ ಊರಿಗೆಲ್ಲ ಗೊತ್ತಾಗೋದೇ. ಅದಕ್ಕಿಂತ ಮೊದ್ಲು ಅಕ್ಷರದಾಗೆ ಗೊತ್ತಾಗ್ಲಿ” ಅಂದರು.

ಎರಡು ವರ್ಷದ ಹಿಂದೆ ಅವರಿಗೆ ಗುದನಾಳದ ಕ್ಯಾನ್ಸರ್ ಆಗಿತ್ತು. ಕಿರಣ ಚಿಕಿತ್ಸೆ, ಆಪರೇಷನ್. ಕೆಲವು ತಿಂಗಳು ಹೊಟ್ಟೆಗೆ ಚೀಲ ಅಂಟಿಸಿಕೊಂಡು ಓಡಾಡಿದ ಮೇಲೆ ಕರುಳನ್ನು ಮತ್ತೆ ಜೋಡಿಸಿದರು. ಕ್ಯಾನ್ಸರ್ ಹೋಯಿತು. ಅದರ ಜೊತೆಗೆ, ಮಲವನ್ನು ಹಿಡಿದಿಡುತ್ತಿದ್ದ ಜಾಗವೂ ಹೋಯಿತು. ಉಂಡ ಸ್ವಲ್ಪ ಹೊತ್ತಿಗೆ ಹೋಗಬೇಕು. ಬಂದು ಕೂತರೆ ಮತ್ತೆ ಹೋಗಬೇಕು. ಬಂತು ಅನ್ನಿಸಿದ ಮೇಲೆ ಚಪ್ಪಲಿ ಹುಡುಕುವಷ್ಟೂ ಸಮಯ ಸಿಗುವುದಿಲ್ಲ. ಇದರೊಂದಿಗೆ ಬದುಕುವುದನ್ನು ಅವರು ಕಲಿತಿದ್ದಾರೆ. ಹಾಲು ಬಿಟ್ಟಿದ್ದಾರೆ, ಮೆಣಸಿನಕಾಯಿ ಬಿಟ್ಟಿದ್ದಾರೆ. ಮುಖ್ಯೋಪಾಧ್ಯಾಯರು ಶೌಚಾಲಯದ ಪಕ್ಕದ ಕೊಠಡಿಯನ್ನೇ ಅವರ ತರಗತಿಗೆ ಕೊಟ್ಟಿದ್ದಾರೆ. ಪಾಠ ಮಾಡುತ್ತ ಮಾಡುತ್ತ ಪುಸ್ತಕ ಮಗುಚಿಟ್ಟು ಹೊರಟರೆ ಮಕ್ಕಳು ಸುಮ್ಮನೆ ಪದ್ಯ ಹೇಳಿಕೊಳ್ಳುತ್ತವೆ. ಮಕ್ಕಳಿಗೆ ಅರ್ಥವಾದದ್ದು, ಮಾನ್ಯರೇ, ನಿಮಗೆ ಅರ್ಥ ಮಾಡಿಸಲು ನಾವು ಮೂವರು ನಿಮ್ಮ ಕಚೇರಿಗೆ ಬರಬೇಕಾಯಿತು.

ನೆನಪಿದೆಯೇ? ಮಾವ, ನನ್ನ ಗಂಡ, ನಾನು. ಆಸ್ಪತ್ರೆಯ ಕಾಗದವನ್ನು ತಿರುಗಿಸಿ ನೋಡಿ ನೀವು ಅಂದಿರಿ: “ಗುಣ ಆಗೈತಿ ಅಂತ ನಿಮ್ಮ ಡಾಕ್ಟ್ರೇ ಬರದಾರಲ್ರಿ. ಮತ್ತೇನು? ಬೂತಿನಾಗೆ ಕೂತ್ಕೊಂಡೇ ಮಾಡೋ ಕೆಲ್ಸ.” ಹೀಗೆ, ಬದುಕಿ ಉಳಿದದ್ದೇ ಅವರ ವಿರುದ್ಧದ ಸಾಕ್ಷಿಯಾಯಿತು. “ಹೊಟ್ಟೆ ಕೆಟ್ಟೋರನ್ನೆಲ್ಲ ಬಿಡ್ತಾ ಹೋದ್ರೆ ಮತಪೆಟ್ಟಿಗೆ ನಾನೇ ಹೊತ್ಕೊಂಡು ಹೋಗ್ಬೇಕಾಗ್ತೈತಿ ಮೇಷ್ಟ್ರೇ” ಎಂದೂ ಅಂದಿರಿ. ಸುತ್ತ ನಿಂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನವರೇ. ಯಾಕೆಂದು ನಿಮಗೆ ತಿಳಿದಿರಲಾರದು. ನಗುತ್ತಲೇ ಹಿಂದೆ ಹಿಂದೆ ಸರಿದು ಬಾಗಿಲು ದಾಟಿ, ಕಾಂಪೌಂಡಿನ ಮೂಲೆಗೆ ಓಡಿದರು. ನಿಮ್ಮ ಕುರ್ಚಿಯ ಹಿಂದೆಯೇ ಒಂದು ಬಾಗಿಲಿತ್ತು. ಅದರ ಮೇಲೆ ನಿಮ್ಮ ಬಿಳಿ ಟವೆಲ್ ತೂಗುತ್ತಿತ್ತು.

ಆಮೇಲೆ ಬಂತು ಹರಿಹರದ ತರಬೇತಿ. ಅದೂ ಶ್ರಾವಣ ಸೋಮವಾರ. ಹಿಂದಿನ ದಿನದಿಂದಲೇ ಅವರು ಅನ್ನ ಬಿಟ್ಟರು, ನೀರೂ ಬಿಟ್ಟರು. ಮಲ ಕಟ್ಟಲೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿದರು. ಸಭೆಯ ನಡುವೆ ಅವರು ಬಿದ್ದಾಗ ಪಕ್ಕದಲ್ಲಿದ್ದ ಬಕ್ಕೇಶಪ್ಪ ಮೇಷ್ಟ್ರು ಗಾಳಿ ಬೀಸುತ್ತ, “ಸ್ವಾಮಿ, ಎಂಥಾ ನಿಷ್ಠೆ ನಿಮ್ದು. ಸೋಮವಾರ ಅಂತ ಹನಿ ನೀರೂ ಮುಟ್ಟಿಲ್ಲ” ಅಂದರಂತೆ. ಆ ಮುಗ್ಧ ಹೊಗಳಿಕೆಯೇ ನಿಮ್ಮ ನೋಟಿಸಿನಲ್ಲಿ ಆರೋಪವಾಗಿ ಅಚ್ಚಾಗಿ ಬಂತು. ಅವರನ್ನು ಮನೆಗೆ ಕರೆತಂದು ಡ್ರಿಪ್ ಹಾಕಿಸಿದೆವು. ಮತ್ತೊಮ್ಮೆ ಹೀಗೆ ಒಣಗಿಸಿಕೊಂಡರೆ ಮೂತ್ರಪಿಂಡ ಕೈಕೊಡುತ್ತದೆ ಎಂದು ಡಾಕ್ಟರು ನಮ್ಮೆದುರೇ ಅವರಿಗೆ ಹೇಳಿದರು. ಮಾವ ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು.

ಈಗ ನೀವು ಅವರನ್ನು ಮತಗಟ್ಟೆಯ ಮುಖ್ಯಸ್ಥರನ್ನಾಗಿ ಮಾಡಿದ್ದೀರಿ. ಶುಕ್ರವಾರ ಹೊರಡಬೇಕು, ರಾತ್ರಿ ಅಲ್ಲೇ ಉಳಿಯಬೇಕು, ಶನಿವಾರ ಬೆಳಗಿನಿಂದ ಪೆಟ್ಟಿಗೆಗೆ ಮೊಹರು ಬೀಳುವವರೆಗೆ ಕದಲಬಾರದು. ನನ್ನ ಗಂಡ ಸ್ಕೂಟರಿನಲ್ಲಿ ಹೋಗಿ ಆ ಶಾಲೆಯನ್ನು ನೋಡಿ ಬಂದಿದ್ದಾರೆ. ಶೌಚಾಲಯವಿಲ್ಲ. ಹಿಂದೆ ಬೋಳು ಬಯಲು, ಬಯಲಿಗೆ ಎದುರಾಗಿ ಮತದಾರರು ಸಾಲು ನಿಲ್ಲುವ ರಸ್ತೆ. ಹೇಳಿ ಮಾನ್ಯರೇ, ಅವರು ಏನು ಮಾಡಬೇಕು? ಎದ್ದು ಓಡಿದರೆ ಕರ್ತವ್ಯಲೋಪ. ಓಡದಿದ್ದರೆ, ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ಹಳೆಯ ಶಿಷ್ಯರೆದುರು ಒದ್ದೆ ಪಂಚೆಯಲ್ಲಿ ಕೂತಿರಬೇಕು. ಉಣ್ಣದೆ ಹೋದರೆ ವ್ರತದ ಅಪರಾಧ. ನಾಲ್ಕನೆಯ ದಾರಿ ಯಾವುದಾದರೂ ನಿಮ್ಮ ಸುತ್ತೋಲೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ನಾವು ಕೆಲಸ ತಪ್ಪಿಸಿಕೊಳ್ಳಲು ಬೇಡುತ್ತಿಲ್ಲ. ಮಾವನವರೇ ಅದನ್ನು ಒಪ್ಪುವುದಿಲ್ಲ. ಬಾಗಿಲು, ಚಿಲಕ, ನೀರು ಇರುವ ಶೌಚಾಲಯದ ಪಕ್ಕ ಯಾವ ಕೆಲಸ ಕೊಟ್ಟರೂ ಮಾಡುತ್ತಾರೆ. ನಿಮ್ಮ ಕಚೇರಿಯಲ್ಲೇ ಕೂರಿಸಿ. ನಿಮ್ಮ ಕುರ್ಚಿಯ ಹಿಂದಿನ ಬಾಗಿಲು ತೆರೆದಿಡಿ. ಅದೂ ಆಗದಿದ್ದರೆ ಆಗುವುದಿಲ್ಲವೆಂದು ಸಹಿ ಹಾಕಿ ಬರೆದುಕೊಡಿ. ಮುಂದೆ ಏನಾದರೂ ಆದರೆ ಅದಕ್ಕೆ ಶಿವನನ್ನು ಹೊಣೆ ಮಾಡುವುದು ನಮಗೆ ಬೇಡ. ಈ ಪತ್ರ ನಾಳೆ ಅಚ್ಚಾದರೆ ನಿಮ್ಮ ಕೈಯಲ್ಲಿ ಒಂದು ದಿನ ಉಳಿದಿರುತ್ತದೆ.

ಇವತ್ತು ಬೆಳಿಗ್ಗೆ ಅವರಿಗೆಂದೇ ಖಾರವಿಲ್ಲದ ಗಂಜಿ ಮಾಡಿ, ಪಕ್ಕದಲ್ಲಿ ನೀರಿಟ್ಟೆ. “ಒಂದು ದಿನ ಮೊದ್ಲು ಬಿಟ್ರೆ ಸಾಲಲ್ಲಮ್ಮ. ಈ ಸಲ ಇವತ್ತಿಂದ್ಲೇ” ಅಂದರು. ನೀರನ್ನು ತುಳಸಿಗೆ ಹಾಕಿ, ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಆಮೇಲೆ ಬಂದು ಕೂತು ಈ ಪತ್ರವನ್ನು ತಿದ್ದಿದರು. ಅವರ ತುಟಿ ಒಣಗಿದೆ. ಲೋಟ ಇನ್ನೂ ಬೋರಲಾಗಿಯೇ ಇದೆ.

ಇಂತಿ,
ಆ ಲೋಟವನ್ನು ಎತ್ತಿ ನೀರು ತುಂಬಲು ನಿಮ್ಮ ಅಪ್ಪಣೆಗೆ ಕಾದಿರುವ,
ಈ ಮನೆಯ ಹೊಸ ಸೊಸೆ
ಕೃತಿಕಾ ನಾಗಭೂಷಣ್