ಬಿಟ್ಟಿ ಆಡಲು ಹೊರಟವನಿಗೆ

ಗ್ರೇಲಿಂಗ್, ಸ್ಯಾಸ್ಕಾಚುವನ್
ಆಗಸ್ಟ್ 30, 2012

ಡೆರಿಕ್‌ಗೆ,

ಮೊದಲು ‘ಪ್ರೀತಿಯ’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಬೇರೆ ಹಾಳೆ ತಗೊಳ್ಳಬಹುದಿತ್ತು. ಹೊಡೆದುಹಾಕಿದ್ದು ನಿನ್ನ ಕಣ್ಣಿಗೆ ಬೀಳಲಿ ಅಂತಲೇ ಹಾಗೇ ಬಿಟ್ಟಿದ್ದೀನಿ. ನಾವಿಬ್ಬರೂ ಚೆನ್ನಾಗಿದ್ದೀವಿ. ಲಾಯ್ಡ್‌ನ ಮಂಡಿನೋವು ಹಾಗೇ ಇದೆ. ಕ್ಷೇಮ ಸಮಾಚಾರ ಇಷ್ಟು ಸಾಕು.

ಭಾನುವಾರ ನೀನು ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ಬೀಟ್ರೂಟ್ ಕೀಳುತ್ತಿದ್ದೆ. ಕೈ ತುಂಬ ಮಣ್ಣು. ಲಾಯ್ಡ್ ಫೋನನ್ನ ನನ್ನ ಕಿವಿಗೆ ಹಿಡಿದು ನಿಂತಿದ್ದ. ನೀನು ಅಂದದ್ದು ಒಂದಕ್ಷರ ಬಿಡದೆ ನೆನಪಿದೆ. “ಅಮ್ಮಾ, ಲೀಗಿಗೆ ಬೀಗ ಬೀಳೋದು ಗ್ಯಾರಂಟಿ. ಸಂಬಳದ ಮಾತಲ್ಲಿ ಮಾಲೀಕರು ಒಂದಿಂಚೂ ಬಗ್ತಿಲ್ಲ, ನಾವೂ ಬಗ್ಗಲ್ಲ. ಮನೇಲಿ ಕೂತು ಮೈ ಬೆಳೆಸೋ ಬದ್ಲು ಜರ್ಮನಿಗೆ ಹೋಗಿ ಆಡ್ಕೊಂಡಿರ್ತೀನಿ. ಯಾವ ಕ್ಲಬ್ಬು ಹೇಳು ನೋಡೋಣ? ನಮ್ಮ ಬ್ರೆಂಟ್‌ದೇ. ದುಡ್ಡು ಒಂದು ಸೆಂಟೂ ಬೇಡ ಅಂದಿದೀನಿ. ಬಿಟ್ಟಿ ಆಡ್ತೀನಿ.”

ನಾನು ಅತ್ತುಬಿಟ್ಟೆ ಕಣೋ. ಖುಷಿಗೆ. ಹದಿನಾರರ ನಿನ್ನನ್ನ ಊರ ಐಸ್ ಹಾಕಿ ತಂಡದವರು ನಮ್ಮ ಬಾಗಿಲಿಗೆ ತಂದು ಬಿಟ್ಟ ದಿನ ಕಣ್ಣ ಮುಂದೆ ಬಂತು. ಹೊರಗಿಂದ ಆಡೋಕೆ ಬರೋ ಹುಡುಗರನ್ನ ಮನೆಗೊಬ್ಬರಂತೆ ಇಟ್ಟುಕೊಂಡು ಸಾಕೋದು ಇಲ್ಲಿ ನಮ್ಮಮ್ಮನ ಕಾಲದಿಂದಲೂ ಇದ್ದದ್ದೇ, ಅದರಲ್ಲಿ ನನ್ನದೇನೂ ದೊಡ್ಡಸ್ತಿಕೆ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಹುಡುಗರು ಬಂದರು, ಉಂಡರು, ಹೋದರು. ನೀನು ಹಾಗಲ್ಲ. ಮೊದಲ ತಿಂಗಳು ನನ್ನನ್ನ ‘ಮಿಸೆಸ್ ಪಾವ್ಲಿಕ್’ ಅಂದೆ, ಕ್ರಿಸ್ಮಸ್ ಹೊತ್ತಿಗೆ ‘ಅಮ್ಮ’ ಅಂದೆ. ಹೆತ್ತ ಮಗ ಬ್ರೆಂಟ್ ತನ್ನ ಕೋಣೆಯ ಅರ್ಧ ನಿನಗೆ ಬಿಟ್ಟುಕೊಟ್ಟ. ಆಲೂಗಡ್ಡೆ ಕಡುಬು ಮಾಡಿದ ದಿನ ನೀವಿಬ್ಬರೂ ಪಾತ್ರೆ ತಳ ಕೆರೆಯುತ್ತಿದ್ದಿರಿ, ಮನೆ ಯಜಮಾನ ಲಾಯ್ಡ್‌ಗೆ ಬರೀ ಈರುಳ್ಳಿ ಉಳಿಯುತ್ತಿತ್ತು. ಅಂಥ ಇಬ್ಬರು ಹನ್ನೆರಡು ವರ್ಷ ಆದಮೇಲೆ ಮತ್ತೆ ಒಂದೇ ತಂಡದಲ್ಲಿ ಆಡುತ್ತಾರೆ ಅಂದರೆ ಯಾವ ತಾಯಿಗೆ ಖುಷಿಯಾಗಲ್ಲ ಹೇಳು. ಸೋಮವಾರ ನಾನು ಐಸ್ ಅಂಗಣದ ನನ್ನ ಕ್ಯಾಂಟೀನ್ ತೆಗೆದವಳೇ ಬಂದಬಂದವರಿಗೆಲ್ಲ ಹೇಳಿದೆ. ಐಸ್ ನಯ ಮಾಡೋ ಗಾಡಿ ಓಡಿಸೋ ಹೆಕ್ಟರ್‌ಗೆ ಎರಡು ಸಲ ಹೇಳಿದೆ.

ಮಂಗಳವಾರ ಬ್ರೆಂಟ್ ಫೋನ್ ಮಾಡಿದ. ನಾನು ಅವನಿಗೆ ಬಾಯಿ ತೆಗೆಯೋಕೆ ಬಿಡದೆ ನಿನ್ನ ಸುದ್ದಿ ಶುರು ಮಾಡಿದೆ. ಎಲ್ಲ ಹೇಳಿ ಮುಗಿಸಿ, ಲೈನ್ ಹೋಯಿತೇನೋ ಅಂತ “ಕೇಳಿಸ್ತಿದೆಯೇನೋ?” ಅಂದೆ.

“ಕೇಳಿಸ್ತಿದೆ ಅಮ್ಮ,” ಅಂದ. “ಇಲ್ಲಿ ಹೊರದೇಶದವರು ಐದು ಜನರಷ್ಟೇ ಆಡೋಕಾಗೋದು. ಐದೂ ತುಂಬಿದೆ. ಐದನೆಯವನು ನಾನೇ.”

ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ನೀನು ಬಂದರೆ ಒಬ್ಬ ಹೋಗಬೇಕು. ಅವನ ಕರಾರು ವರ್ಷಾವರ್ಷದ್ದು, ಅದರಲ್ಲೂ ಮೊದಲ ತಿಂಗಳಲ್ಲಿ ಯಾವಾಗ ಬೇಕಾದರೂ ಕೈಬಿಡಬಹುದು ಅಂತ ಒಂದು ಸಾಲು ಇದೆಯಂತೆ. ನಾಲ್ಕು ವರ್ಷದಿಂದ ಆ ಸಾಲನ್ನ ಯಾರೂ ಮುಟ್ಟಿರಲಿಲ್ಲ. ಈಗ ಮ್ಯಾನೇಜರ್ ಅವನನ್ನ ಕರೆದು ಕೂರಿಸಿ, ಇನ್ನೂ ತೀರ್ಮಾನ ಆಗಿಲ್ಲ, ಮನಸ್ಸು ಗಟ್ಟಿ ಮಾಡ್ಕೋ ಅಂದನಂತೆ. ದೊಡ್ಡ ಲೀಗಿನಲ್ಲಿ ಆಡೋನು ಬಿಟ್ಟಿ ಬರುತ್ತೀನಿ ಅಂದರೆ ಸಂಬಳ ತಗೊಳ್ಳೋ ಬ್ರೆಂಟ್ ಯಾರಿಗೆ ಬೇಕು? ದುಡ್ಡು ಬೇಡ ಅಂದದ್ದು ನಿನ್ನ ದೊಡ್ಡತನ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಅದೇ ನನ್ನ ಮಗನ ಕುತ್ತಿಗೆಗೆ ಬಂತು.

ಸೊಸೆ ಕಾರ್ಲಾಗೆ ಈಗ ಏಳು ತಿಂಗಳು. ನವೆಂಬರಿನಲ್ಲಿ ಹೆರಿಗೆ. ಅವರು ಇರೋ ಮನೆ ಕ್ಲಬ್ಬಿನದು, ಆಸ್ಪತ್ರೆ ಖರ್ಚು ಕ್ಲಬ್ಬಿನದು, ವೀಸಾನೂ ಆ ಕೆಲಸದ ಮೇಲೇ ನಿಂತಿರೋದು. ಕೆಲಸ ಹೋದರೆ ಒಟ್ಟಿಗೇ ಎಲ್ಲ ಹೋಯಿತು. ರಕ್ತದೊತ್ತಡ ಜಾಸ್ತಿ ಇದೆ, ವಿಮಾನ ಹತ್ತಬೇಡ ಅಂತ ಡಾಕ್ಟರು ಬೇರೆ ಹೇಳಿದ್ದಾರೆ. ಇದನ್ನೆಲ್ಲ ಅವನು ಹವಾಮಾನ ಹೇಳೋ ಹಾಗೆ ಹೇಳಿದ. ಕೊನೆಗೆ ಏನಂದ ಗೊತ್ತಾ? “ಡೆರಿಕ್‌ಗೆ ಹೇಳ್ಬೇಡಮ್ಮ. ಪಾಪ, ಅವನಿಗೆ ಗೊತ್ತಿರಲ್ಲ.”

ಗೊತ್ತಿರಲ್ಲ. ನಾನೂ ಅದನ್ನೇ ನಂಬಬೇಕು ಅಂತ ಎರಡು ದಿನದಿಂದ ಒದ್ದಾಡುತ್ತಿದ್ದೀನಿ. ನೀನು ಆಟಗಾರರ ಸಂಘದಲ್ಲಿ ನಿಮ್ಮ ತಂಡದ ಪ್ರತಿನಿಧಿ. ಮಾಲೀಕರು ಕೊಟ್ಟ ಕರಾರನ್ನ ಸಾಲುಸಾಲು ಓದಿ ತಪ್ಪು ಹುಡುಕುತ್ತೀನಿ ಅಂತ ನೀನೇ ಹೇಳಿದ್ದೆ. ಅಷ್ಟೆಲ್ಲ ಓದೋನಿಗೆ, ನಾನು ಬಂದರೆ ಯಾರು ಹೊರಗೆ ಹೋಗುತ್ತಾರೆ ಅಂತ ಒಂದು ಮಾತು ಕೇಳೋಕೆ ತೋಚಲಿಲ್ಲವಾ? ಅಂಗಡಿ ಕ್ಯೂನಲ್ಲಿ ನಿಂತ ಮಕ್ಕಳೂ ಕೇಳುತ್ತವೆ.

ಮೊನ್ನೆ ಟೀವಿಯಲ್ಲಿ ನಿಮ್ಮನ್ನೆಲ್ಲ ತೋರಿಸಿದರು. ಮೊದಲು ಒಬ್ಬ ಮಾಲೀಕ ಬಂದ. ನಷ್ಟ ತಡೆಯೋಕಾಗುತ್ತಿಲ್ಲ, ಆಟಗಾರರ ಪಾಲು ಇಳಿಸಲೇಬೇಕು ಅಂತ ಮುಖ ಸಣ್ಣದು ಮಾಡಿಕೊಂಡ. ಅದೇ ಮನುಷ್ಯ ಜುಲೈನಲ್ಲಿ ಒಬ್ಬ ಹುಡುಗನಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟು ಕೈಕುಲುಕಿ ಫೋಟೋ ತೆಗೆಸಿಕೊಂಡಿದ್ದ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳೋಕೆ ಬೀಗ ಹಾಕುತ್ತಾನಂತೆ. ಆಮೇಲೆ ನೀವು ಬಂದಿರಿ. ವೇದಿಕೆ ಮೇಲೆ ಸಾಲಾಗಿ, ಎಲ್ಲರೂ ಸೂಟು ಹಾಕಿಕೊಂಡು. ನೀನು ಎರಡನೇ ಸಾಲಲ್ಲಿ ಕೈಕಟ್ಟಿ ನಿಂತಿದ್ದೆ. ಕಾರ್ಮಿಕರ ಹಕ್ಕು, ಒಗ್ಗಟ್ಟು, ಮುಂದಿನ ಪೀಳಿಗೆ ಅಂತ ನಿಮ್ಮ ಮುಖಂಡ ಹೇಳುತ್ತಿದ್ದರೆ ನೀನು ತಲೆಯಾಡಿಸುತ್ತಿದ್ದೆ. ಸೂಟು ಚೆನ್ನಾಗಿತ್ತು.

ಲಾಯ್ಡ್ ಟೀವಿ ಆರಿಸಿದ. “ಒಬ್ರು ಹೆಚ್ಚಲ್ಲ, ಒಬ್ರು ಕಮ್ಮಿಯಲ್ಲ. ಬಿಡೇ, ನೋಡ್ಬೇಡ,” ಅಂದ.

“ನಮ್ಮ ಗಣೀಲಿ ಮುಷ್ಕರ ಆದಾಗ ಇವನಂಥೋನು ಒಬ್ಬ ಗೇಟು ದಾಟಿ ಒಳಗೆ ಕೆಲಸಕ್ಕೆ ಹೋದನಲ್ಲ, ಅವನಿಗೆ ಏನ್ ಮಾಡಿದ್ರಿ?” ಅಂತ ಕೇಳಿದೆ.

“ಅದು ಬೇರೆ, ಇದು ಬೇರೆ ಕಣೆ.”

“ಏನ್ ಬೇರೆ?”

“ಇವನು ತನ್ನ ಸಂಘಕ್ಕೆ ದ್ರೋಹ ಮಾಡ್ತಿಲ್ಲ. ಬೇರೆ ದೇಶ, ಬೇರೆ ಲೀಗು. ಕಾನೂನು ಪ್ರಕಾರ ಸರಿಯಾಗೇ ಇದೆ.”

“ಕಾನೂನು ಕೇಳ್ದೆನಾ ನಾನು? ಅವನಿಗೆ ಏನ್ ಮಾಡಿದ್ರಿ ಅಂತ ಕೇಳ್ದೆ.”

ಲಾಯ್ಡ್ ಮಂಡಿ ಉಜ್ಜಿಕೊಂಡ. ಆಮೇಲೆ, “ಅವನು ಸಾಯೋವರೆಗೂ ಒಬ್ರೂ ಮಾತಾಡಿಸ್ಲಿಲ್ಲ. ಇಗರ್ಜೀಲಿ ಅವನ ಬೆಂಚಲ್ಲಿ ಬೇರೆ ಯಾರೂ ಕೂರ್ತಿರ್ಲಿಲ್ಲ,” ಅಂದ. ಎದ್ದು ಹೊರಗೆ ಹೋದ. ನಿನ್ನ ಮೇಲೆ ಅವನಿಗೆ ನನಗಿಂತ ಜಾಸ್ತಿ ಪ್ರೀತಿ, ಅದು ನಿನಗೂ ಗೊತ್ತು. ಅದಕ್ಕೇ ಅವನು ಕಾನೂನಿನ ಹಿಂದೆ ಬಚ್ಚಿಟ್ಟುಕೊಳ್ಳೋದು.

ಹೋದ ಸಲದ ಬೀಗ ನೆನಪಿದೆಯಾ? ಎಂಟು ವರ್ಷ ಆಯಿತು. ಆಗ ನೀನು ದೊಡ್ಡ ಲೀಗ್ ಮುಟ್ಟಿದ್ದೆ, ಬ್ರೆಂಟ್ ಒಂದೇ ಮೆಟ್ಟಿಲು ಕೆಳಗಿದ್ದ. ಇನ್ನೊಂದು ವರ್ಷ ಆಡಿದ್ದರೆ ಅವನನ್ನೂ ಕರೆಯುತ್ತಿದ್ದರು, ಆ ಕೋಚೇ ಹೇಳಿದ್ದು. ದೊಡ್ಡ ಲೀಗ್ ಮುಚ್ಚಿತು. ಮೇಲಿದ್ದ ಎಳೆಯರನ್ನೆಲ್ಲ ಕೆಳಗಿನ ತಂಡಗಳಿಗೆ ಇಳಿಸಿದರು, ಕೆಳಗಿದ್ದ ಬ್ರೆಂಟ್ ಇನ್ನೂ ಕೆಳಕ್ಕೆ ಹೋದ. ತಾಳೆಮರ ಇರೋ ಊರಲ್ಲಿ, ಐಸ್ ಅಂದರೆ ಪಾನಕಕ್ಕೆ ಹಾಕೋದು ಅಂದುಕೊಂಡಿರೋ ಜನರ ಮುಂದೆ ಆಡಿಕೊಂಡಿದ್ದ. ಬೀಗ ತೆಗೆದರು, ನೀನು ವಾಪಸ್ ಮೇಲೆ ಹೋದೆ. ಅವನನ್ನ ಹತ್ತಿಸಿಕೊಳ್ಳೋಕೆ ಯಾರೂ ಬರಲಿಲ್ಲ. ಆಗ ಯಾರನ್ನ ಬಯ್ಯಬೇಕು ಅಂತ ನನಗೆ ಗೊತ್ತಾಗಲಿಲ್ಲ, ಹಣೆಬರಹ ಅಂದುಕೊಂಡು ಸುಮ್ಮನಾದೆ. ಈ ಸಲ ಹಣೆಬರಹಕ್ಕೆ ಒಂದು ಹೆಸರಿದೆ. ಆ ಹೆಸರಿನವನ ಬನಿಯನ್ನುಗಳನ್ನ ನಾನು ಮೂರು ಚಳಿಗಾಲ ಒಗೆದು ಹಾಕಿದ್ದೀನಿ.

ಆ ಬೀಗ ಮುಗಿದ ಮೇಲೆ ಮತ್ತೆ ಆಟ ನೋಡಲ್ಲ ಅಂತ ಈ ಊರವರೆಲ್ಲ ಆಣೆ ಹಾಕಿದ್ದರು. ಅಕ್ಟೋಬರ್ ಬಂದಿದ್ದೇ ತಡ, ಎಲ್ಲರೂ ಟೀವಿ ಮುಂದೆ. ನಾನೂ. ನಿನ್ನ ಅಂಗಿ ಸಂಖ್ಯೆ ಇರೋ ಟೋಪಿ ಹಾಕಿಕೊಂಡು ಕೂತಿದ್ದೆ. ನಮ್ಮಂಥವರು ಇದ್ದೇವೆ ಅಂತಲೇ ಅವರು ಬೀಗ ಹಾಕೋದು, ನೀವು ವೇದಿಕೆ ಹತ್ತೋದು. ಈ ಜನ ಆಟ ಬಿಟ್ಟು ಹೋದ ಹಾಗೆ ಮಾಡುತ್ತಾರೆ, ಕರೆದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಬರುತ್ತಾರೆ ಅಂತ ಎರಡು ಕಡೆಯವರಿಗೂ ಗೊತ್ತು. ಛೀ, ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ.

ಈಗ ನಿನ್ನಿಂದ ನನಗೆ ಬೇಕಾದ್ದು ಒಂದೇ. ಆ ಕ್ಲಬ್ಬಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳು. ಕಾರಣ ಬೇಡ. ಬೆನ್ನು ಹಿಡಿದಿದೆ ಅನ್ನು, ಜರ್ಮನ್ ಊಟ ಒಗ್ಗಲ್ಲ ಅನ್ನು, ಏನಾದರೂ ಅನ್ನು. ಆಡದೆ ಇರೋಕಾಗಲ್ಲ ಅಂದರೆ ಇಲ್ಲಿಗೆ ಬಾ. ಬೆಳಗ್ಗೆ ಆರಕ್ಕೆ ಐಸ್ ಖಾಲಿ ಇರುತ್ತೆ, ಹೆಕ್ಟರ್ ಬಾಗಿಲು ತೆಗೆಯುತ್ತಾನೆ, ನಾನು ಕಾಫಿ ಕೊಡುತ್ತೀನಿ. ನಿನಗೆ ಅದು ನಾಲ್ಕು ತಿಂಗಳ ಕಾಲಕ್ಷೇಪ. ಬ್ರೆಂಟ್‌ಗೆ ಅದು ಹೆಂಡತಿ ಹೆರಿಗೆ. ನೀನು ಬೇಡ ಅಂದರೆ ಕ್ಲಬ್ಬಿನವರು ಅವನನ್ನೇ ಇಟ್ಟುಕೊಳ್ಳುತ್ತಾರೆ, ಬೇರೆ ಯಾರನ್ನೂ ಹುಡುಕಿಕೊಂಡಿಲ್ಲ.

ನಾನು ಈ ಪತ್ರ ಬರೆದದ್ದು ಬ್ರೆಂಟ್‌ಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ನೀನಾಗಿಯೇ ಹಿಂದೆ ಸರಿದೆ ಅಂತ ಅವನು ಅಂದುಕೊಳ್ಳಲಿ. ನಿನ್ನ ಬಗ್ಗೆ ಅವನಿಗಿರೋ ಗೌರವ ಹಾಗೇ ಇರಲಿ. ಫೋನ್ ಮಾಡಿದ ಮೇಲೆ ನನಗೊಂದು ಮಾತು ತಿಳಿಸು, ಹೊಡೆದುಹಾಕಿದ ಪದವನ್ನ ಮತ್ತೆ ಬರೆಯುತ್ತೀನಿ. ನಿನಗೆ ಗೊತ್ತಿರಲಿಲ್ಲ ಅಂತಲೇ ನಾನು ಇಟ್ಟುಕೊಂಡಿದ್ದೀನಿ.

ನಿನ್ನ ತಟ್ಟೆಗೆ ಬಡಿಸಿದವಳು,
ವೆರ್ನಾ ಪಾವ್ಲಿಕ್

ಆಮೇಲೆ ಸೇರಿಸಿದ್ದು: ಲಕೋಟೆಗೆ ಅಂಟು ಹಾಕುತ್ತಿದ್ದಾಗ ಬ್ರೆಂಟ್‌ದೇ ಫೋನ್ ಬಂತು. ಇವತ್ತು ಬೆಳಗ್ಗೆ ಕರೆದು ಹೇಳಿಬಿಟ್ಟರಂತೆ. ನಿನ್ನ ಸಹಿ ಹೋದ ವಾರವೇ ಬಂದಿತ್ತಂತೆ, ಬೀಗ ಬಿದ್ದ ದಿನದಿಂದ ಜಾರಿ ಅಂತ. ಅಂದರೆ ನನಗೆ ಖುಷಿ ಸುದ್ದಿ ಹೇಳೋ ಮೊದಲೇ. ನಿನ್ನೆ ನೀನು ಅವನಿಗೆ ಮೆಸೇಜು ಹಾಕಿದ್ದೆಯಂತೆ, ‘ಸಾರಿ ಕಣೋ, ನಾನಲ್ಲದಿದ್ರೆ ಇನ್ನೊಬ್ಬ ಬರ್ತಿದ್ದ. ಮನೆ ಹೇಗಿದೆ? ನನ್ನ ಸಾಮಾನಿಗೆಲ್ಲ ಜಾಗ ಸಾಕಾ?’ ಅಂತ. ಪತ್ರ ಹರಿದುಹಾಕಬೇಕು ಅನ್ನಿಸಿತು. ಹರಿಯಲ್ಲ, ನಾನು ನಿನ್ನನ್ನ ಏನೆಂದುಕೊಂಡಿದ್ದೆ ಅಂತ ನೀನೂ ಓದು.

ಕ್ಲಬ್ಬಿನ ಫೋನನ್ನ ಅವನು ವಾಪಸ್ ಕೊಟ್ಟಾಗಿದೆ, ನಿನಗೆ ಉತ್ತರ ತಲುಪಿಸೋ ಕೆಲಸ ನನಗೆ ಒಪ್ಪಿಸಿದ. ನಾನು ಒಲ್ಲೆ ಅಂದೆ, ಹೇಳಲೇಬೇಕು ಅಂತ ಮಾತು ತಗೊಂಡ. ಸ್ನಾನದ ಮನೆಯ ಬಿಸಿನೀರು ಬರೋಕೆ ಹೊತ್ತು ಹಿಡಿಯುತ್ತೆ, ಕೆಟ್ಟಿದೆ ಅಂದುಕೊಳ್ಳಬೇಡವಂತೆ. ಕೆಳಗಿನ ಮನೆಯ ಮುದುಕಿ ಬೀಗದ ಕೈ ಕೊಡುತ್ತಾಳೆ, ಒಳ್ಳೆಯವಳಂತೆ. ನಿನ್ನ ಬ್ಯಾಗು, ಸ್ಟಿಕ್ಕುಗಳನ್ನೆಲ್ಲ ಮೂಲೆಯ ಸಣ್ಣ ಕೋಣೆಯಲ್ಲಿ ಇಟ್ಟುಕೊಳ್ಳಬಹುದಂತೆ. ಹೋದ ವಾರ ತಾನೆ ತೊಟ್ಟಿಲು ಇಡೋಕೆ ಅಂತ ಅದಕ್ಕೆ ಹಳದಿ ಬಣ್ಣ ಹೊಡೆದಿದ್ದಾನೆ, ವಾಸನೆ ಇನ್ನೂ ಹೋಗಿಲ್ಲ, ಎರಡು ದಿನ ಕಿಟಕಿ ತೆಗೆದಿಡಬೇಕಂತೆ.