ಕಿಟಕಿಯ ಆಚೆ ನಿಂತವಳ ಹಾಜರಿ

ನವೆಂಬರ್ 8, ಸಂಜೆ

ಐವತ್ತೊಂದು ನೋಟ್‌ಬುಕ್. ವಿಷಯ: ನಮ್ಮ ಮನೆಯ ಬೆಳಗು. ಮೂವತ್ತೆಂಟು ಮನೆಗಳಲ್ಲಿ ಹಕ್ಕಿಗಳು ಚಿಲಿಪಿಲಿ, ಅಮ್ಮ ನಗುನಗುತ್ತಾ ಎಬ್ಬಿಸಿದ್ದಾಳೆ. ಎಲ್ಲಾ ಒಂದೇ ಗೈಡಿನ ಹಕ್ಕಿಗಳು! ತಲೆ ಚಿಟ್ಟುಹಿಡಿಯಿತು. ನಾಳೆ ಅಷ್ಟೂ ವಾಪಸ್.

ನವೆಂಬರ್ 9

ಕ್ಲಾಸಿನಲ್ಲಿ ಕೂಗಾಡಿದೆ. "ನಿಮ್ಮನೇಲಿ ಮಾತ್ರ ಆಗೋದನ್ನ ಬರೀರಿ. ಮಾರ್ಕ್ಸ್ ಇಲ್ಲ. ನಾನು ಬಿಟ್ಟು ಯಾರೂ ಓದಲ್ಲ. ಪ್ರಾಮಿಸ್."

ಮುಂದಿನ ಬೆಂಚಿನ 'ವಕೀಲೆ' ಎದ್ದಳು. ಎಲ್ಲದಕ್ಕೂ ಅವಳದೊಂದು ವಾದ.

"ಹೆಡ್‌ಮಾಸ್ಟರ್ ಕೇಳಿದ್ರೆ?"

"ಕೇಳ್ಲಿ. ಕೊಡಲ್ಲ."

ನವೆಂಬರ್ 15, ಸಂಜೆ

ದಿನಾ ತಡವಾಗಿ ಬರುವ ಲೇಟಮ್ಮನ ಪುಟ ಓದಿದೆ. ಆ ಹೆಸರು ಇಟ್ಟವಳೂ ನಾನೇ.

"ಅಮ್ಮನಿಗೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಎರಡು ವರ್ಷದ ತಂಗಿಯನ್ನು ನಾನು ನೋಡಿಕೊಳ್ಳುತ್ತೇನೆ. ಅಮ್ಮ ಬರುವುದು ಒಂಬತ್ತಕ್ಕೆ. ಆಮೇಲೆ ಓಡಿ ಬರುತ್ತೇನೆ. ಮನೆಯಲ್ಲಿ ಅಜ್ಜಿ ಇದ್ದಾರೆ ಎಂದು ಅಮ್ಮ ಫ್ಯಾಕ್ಟರಿಗೆ ಬರೆದುಕೊಟ್ಟಿದ್ದಾಳೆ. ಅಜ್ಜಿ ತೀರಿಹೋಗಿ ವರ್ಷವಾಯಿತು. ಗೊತ್ತಾದರೆ ಅಮ್ಮನ ಕೆಲಸ ಹೋಗುತ್ತದೆ. ಟೀಚರ್, ಕಿಟಕಿಯಿಂದ ಬೋರ್ಡಿನ ಎಡಭಾಗ ಮಾತ್ರ ಕಾಣುತ್ತದೆ. ದಯವಿಟ್ಟು ಆ ಕಡೆ ಜಾಸ್ತಿ ಬರೆಯಿರಿ."

ಎಂಟೂ ಮುಕ್ಕಾಲಿಗೆ ಬೆಲ್. ತಡವಾದವರು ಮೊದಲ ಪೀರಿಯಡ್ ಪೂರ್ತಿ ಹೊರಗೆ, ಹಾಜರಿಯಲ್ಲಿ ಆಬ್ಸೆಂಟ್. ನನ್ನದೇ ಕಾನೂನು. ಇಡೀ ಶಾಲೆಯಲ್ಲಿ ಇಂಥ ಶಿಸ್ತು ಇನ್ಯಾರಿಗಿದೆ ಎಂದು ಬೀಗಿದ್ದೆ. ಥೂ! ಈ ಹುಡುಗಿ ಒಳಗೆ ಬಿಡಿ ಎಂದೂ ಕೇಳಿಲ್ಲ...

ನವೆಂಬರ್ 16

ಬಂದ ತಕ್ಷಣ ಒಳಗೆ ಕರೆದೆ. ಬಾಗಿಲಲ್ಲೇ ನಿಂತಳು.

"ಪೀರಿಯಡ್ ಇನ್ನೂ ಮುಗಿದಿಲ್ಲ ಟೀಚರ್."

"ಬಾರೇ ಸುಮ್ನೆ."

ಜನವರಿ 11

ಹಾಜರಿ ಲೆಕ್ಕ ಬಂತು. ಲೇಟಮ್ಮನಿಗೆ ಶಾರ್ಟೇಜ್. ಪರೀಕ್ಷೆಗೆ ಕೂರುವಂತಿಲ್ಲ. ಮೊದಲ ಪೀರಿಯಡ್ಡಿನ ಹಾಜರಿಯೇ ದಿನದ ಹಾಜರಿ— ನವೆಂಬರ್ 16ಕ್ಕೆ ಮೊದಲಿನ ಅರವತ್ತೊಂದು ಆಬ್ಸೆಂಟ್, ಎಲ್ಲಾ ನನ್ನ ಕೈಬರಹ.

ಹೆಡ್‌ಮಾಸ್ಟರ್ ಹತ್ತಿರ ಓಡಿದೆ. ಕಾರಣ ಇದೆ ಸರ್, ನೋಟ್‌ಬುಕ್ಕಲ್ಲಿ ಬರೆದಿದ್ದಾಳೆ ಎಂದು ಬಾಯಿಬಿಟ್ಟೆ. ನನ್ನ ಬಾಯಿಗಿಷ್ಟು...

"ಹಾಗಿದ್ರೆ ಅದನ್ನ ಕೊಡಿ ಮೇಡಂ. ಶಾಲಾ ಕಮಿಟಿ ಮುಂದೆ ಓದೋಣ. ಕರುಣೆ ತೋರಿಸ್ತಾರೆ."

ಕೆಟ್ಟ ಮನುಷ್ಯನಲ್ಲ. ಆದರೆ ಕಮಿಟಿಯಲ್ಲಿ ಆ ಫ್ಯಾಕ್ಟರಿಯ ಮ್ಯಾನೇಜರೂ ಇದ್ದಾರೆ.

"ಕೊಡಲ್ಲ ಸರ್."

"ಹುಡುಗಿಗೆ ಒಂದು ವರ್ಷ ಹೋಗುತ್ತಲ್ರೀ!"

"ಅದೂ ಹೋಗಲ್ಲ." ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಜನವರಿ 12, ಬೆಳಿಗ್ಗೆ 6

ಆ ಅರವತ್ತೊಂದು ದಿನ ಅವಳು ಎಲ್ಲಿದ್ದಳು? ಶಾಲೆಯಲ್ಲೇ. ಗೋಡೆಯ ಆಚೆ, ಪಾಠ ಕೇಳುತ್ತಾ. ಬಂದವಳನ್ನು ಬಂದಿಲ್ಲ ಎಂದು ಬರೆದದ್ದು ನಾನು. ಸುಳ್ಳು ದಾಖಲೆ ನನ್ನದು. ತಿದ್ದುವ ಕೈಯೂ ನನ್ನದೇ ಆಗಬೇಕು.

ಮಧ್ಯಾಹ್ನ

ಕದ್ದುಮುಚ್ಚಿ ಮಾಡಲಿಲ್ಲ. ಸ್ಟಾಫ್‌ರೂಮಿನ ನಡುಮಧ್ಯೆ ಕೂತು ಕೆಂಪು ಇಂಕಿನಲ್ಲಿ ಅರವತ್ತೊಂದು ತಿದ್ದುಪಡಿ, ಅರವತ್ತೊಂದು ಸಹಿ. ಬೆರಳು ನೋಯುತ್ತಿದೆ. ನೋಯಲಿ.

ಗಣಿತದ ಮೇಷ್ಟ್ರು ಬಗ್ಗಿ ನೋಡಿದರು. "ತಲೆ ಕೆಟ್ಟಿದ್ಯೇನ್ರೀ? ಕೆಲಸ ಹೋಗುತ್ತೆ."

"ಎಣಿಸಿ ನೋಡಿ ಮೇಷ್ಟ್ರೇ, ಅರವತ್ತೊಂದು ಸರಿಯಾಗಿದ್ಯಾ?"

ಅವರು ಎಣಿಸಿಯೇ ಬಿಟ್ಟರು, ಪಾಪ. ತಿದ್ದಿದ ಹಾಜರಿ ಪಟ್ಟಿ ಇವತ್ತೇ ಪರೀಕ್ಷಾ ಮಂಡಳಿಗೆ ಹೋಯಿತು.

ಜನವರಿ 19

ಅವಳ ಅಮ್ಮ ಬಂದಿದ್ದರು. ಪಾಳಿ ಮುಗಿಸಿ, ಮನೆಯಿಂದ ಚಿಕ್ಕವಳನ್ನು ಎತ್ತಿಕೊಂಡು ಇಲ್ಲಿಗೆ. ತೋಳಿಗೆ ಪ್ಯಾಕಿಂಗ್ ಟೇಪಿನ ಚೂರು ಅಂಟಿಕೊಂಡಿತ್ತು, ಕಂಕುಳಲ್ಲಿ ಮಗು.

"ನನ್ನ ಮಗಳು ಏನೋ ಬರ್ದಿದಾಳಂತೆ. ತೋರ್ಸಿ."

"ನಿಮಗೂ ತೋರ್ಸಲ್ಲಮ್ಮ. ಅವಳನ್ನೇ ಕೇಳಿ."

ನನ್ನನ್ನೇ ದಿಟ್ಟಿಸಿದರು. ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡೆ.

"ಯಾರಿಗೂ?"

"ಯಾರಿಗೂ."

ಧೊಪ್ಪೆಂದು ಕುರ್ಚಿಯಲ್ಲಿ ಕೂತರು. ಅತ್ತರು. ನನಗೂ ಅಳು ಬಂತು, ಮಗುವಿಗೆ ಚಾಕ್‌ಪೀಸ್ ಕೊಡುವ ನೆಪದಲ್ಲಿ ಆ ಕಡೆ ತಿರುಗಿದೆ.

ಜನವರಿ 27

ಹಾಲ್ ಟಿಕೆಟ್ ಬಂದವು. ಮೂರು ಸಲ ಎಣಿಸಿದೆ. ಐವತ್ತೊಂದು! ಜೊತೆಗೆ ಕಮಿಟಿಯಿಂದ ನನಗೊಂದು ಮೆಮೊ: ಹಾಜರಿ ತಿದ್ದಿದ್ದಕ್ಕೆ ಕ್ಷಮೆ ಕೇಳಿ ಲಿಖಿತ ವಿವರಣೆ ಕೊಡಬೇಕು. ಮೂರು ದಿನ ಗಡುವು.

ಜನವರಿ 28, 8:30, ಸ್ಟಾಫ್‌ರೂಮ್

ಮಾನ್ಯರೇ, ಆ ಹುಡುಗಿ ಎಂದೂ ಆಬ್ಸೆಂಟ್ ಆಗಿರಲಿಲ್ಲ, ಆಬ್ಸೆಂಟ್ ಆಗಿದ್ದವಳು ನಾನು... ಛೆ, ನಾಟಕದ ಡೈಲಾಗು. ಹೊಡೆದು ಹಾಕಿದೆ.

ಮತ್ತೆ: ಮಾನ್ಯರೇ, ತಿದ್ದಿದ್ದು ನಾನೇ. ಕ್ಷಮೆ ಕೇಳುವುದಿದೆ, ನಿಮ್ಮಲ್ಲಲ್ಲ. ಅರವತ್ತೊಂದು ದಿನ ಹೊರಗೆ ನಿಲ್ಲಿಸಿದ್ದಕ್ಕೆ ಅವಳ ಹತ್ತಿರ ಹೋಗಿ, ಇಡೀ ಕ್ಲಾಸಿನ ಎದುರು, ನಾನು— ಬೆಲ್ ಆಯಿತು. ಉಳಿದದ್ದು ಕಾಗದದಲ್ಲಲ್ಲ, ಕ್ಲಾಸಿನಲ್ಲಿ.